‘ಕಾಗೆ’ಗೆ ‘ತಾದೆ’ ಎನ್ನುತ್ತಿದ್ದ ಹುಡುಗನಿಗೆ ನಾನು ಮಾಡಿದ ಥೆರಪಿ

ನಾನು ಸ್ಪೀಚ್ ಥೆರಪಿಸ್ಟ್. ಮಗುವಿನ ಉಚ್ಚಾರಣೆ ಸರಿಯಿಲ್ಲ ಎಂದು ಬರುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಮೊದಲು ಕೇಳುವುದು ನಾಲಿಗೆ ವ್ಯಾಯಾಮವನ್ನೇ. ಪೀಪಿ ಊದಿಸಬೇಕಾ, ಸ್ಟ್ರಾ ಹಾಕಿ ಕುಡಿಸಬೇಕಾ, ನಾಲಿಗೆ ಹೊರಗೆ ಚಾಚಿಸಬೇಕಾ? ಇಂಥ ಮಕ್ಕಳಿಗೆ ನಾನು ಇದ್ಯಾವುದನ್ನೂ ಮಾಡಿಸುವುದಿಲ್ಲ. ಊದುವಾಗಲೂ ಮಾತಾಡುವಾಗಲೂ ಕೆಲಸ ಮಾಡುವುದು ಅದೇ ತುಟಿ, ಅದೇ ನಾಲಿಗೆ ನಿಜ. ಆದರೆ ಮಿದುಳು ಅವನ್ನು ನಡೆಸುವ ರೀತಿ ಬೇರೆ. ಊದುವುದರಿಂದ ಉಚ್ಚಾರಣೆ ತಿದ್ದುತ್ತದೆ ಎನ್ನಲು ಸಂಶೋಧನೆಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ಮಾತು ಸುಧಾರಿಸಬೇಕಾದರೆ ಮಾತನ್ನೇ ಆಡಿಸಬೇಕು. ಯಾವುದನ್ನು, ಹೇಗೆ ಆಡಿಸಬೇಕು ಅನ್ನುವುದು ಮಗುವಿನಿಂದ ಮಗುವಿಗೆ ಬದಲಾಗುತ್ತದೆ. ಒಬ್ಬ ಹುಡುಗನ ವಿಷಯದಲ್ಲಿ ನಾನು ಏನು ಮಾಡಿದೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅವನಿಗೆ ಐದು ತುಂಬುತ್ತಾ ಬಂದಿತ್ತು. ಮನೆಯವರಿಗೆ ಅವನ ಮಾತು ತಿಳಿಯುತ್ತಿತ್ತು, ಹೊರಗಿನವರಿಗೆ ಅರ್ಧಂಬರ್ಧ. 27 ಭಾಷೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಮ್ಯಾಕ್‌ಲೌಡ್ ಮತ್ತು ಕ್ರೋ 2018ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಹೆಚ್ಚಿನ ವ್ಯಂಜನಗಳು ಮಕ್ಕಳಿಗೆ ಐದು ವರ್ಷದ ಹೊತ್ತಿಗೆ ಬಂದಿರುತ್ತವೆ. ಅದರಲ್ಲೂ ‘ಕ’ ಬೇಗ ಬರುವ ಸದ್ದು. ‘ದೊಡ್ಡವನಾದ ಹಾಗೆ ಸರಿಹೋಗುತ್ತೆ’ ಎಂದು ಕಾಯುವ ಕಾಲ ದಾಟಿತ್ತು.

ಮೊದಲು ಕಿವಿ ಪರೀಕ್ಷೆ. ಇದನ್ನು ಬಿಟ್ಟು ನಾನು ಯಾವ ಮಗುವಿನ ಥೆರಪಿಯನ್ನೂ ಶುರು ಮಾಡುವುದಿಲ್ಲ. ಸ್ವಲ್ಪವೇ ಕಡಿಮೆ ಕೇಳಿಸಿದರೂ ಉಚ್ಚಾರಣೆ ಕೆಡಬಹುದು, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಇವನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಅಂಗುಳ, ಹಲ್ಲು, ನಾಲಿಗೆಯ ಕೆಳಗಿನ ಪೊರೆ ಎಲ್ಲ ಸರಿ ಇದ್ದವು.

ಆಮೇಲೆ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸಿದೆ, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ. ಕಾಗೆ ‘ತಾದೆ’ ಆಯಿತು, ಕಿಟಕಿ ‘ತಿಟತಿ’, ಬಾಗಿಲು ‘ಬಾದಿಲು’. ಕೇಳಿದವರಿಗೆ ಹತ್ತಾರು ತಪ್ಪು ಅನ್ನಿಸುತ್ತೆ. ಬರೆದುಕೊಂಡು ನೋಡಿದರೆ ಇರುವುದು ಒಂದೇ ನಿಯಮ: ನಾಲಿಗೆಯ ಹಿಂಭಾಗದಲ್ಲಿ ಹುಟ್ಟಬೇಕಾದ ಸದ್ದೆಲ್ಲ ಮುಂದಕ್ಕೆ, ಹಲ್ಲಿನ ಹತ್ತಿರಕ್ಕೆ ಬರುತ್ತಿದೆ. ಇಷ್ಟು ಅಚ್ಚುಕಟ್ಟಾಗಿ ತಪ್ಪುವ ಮಗುವಿನ ತೊಂದರೆ ಬರೀ ನಾಲಿಗೆಯದಲ್ಲ. ‘ಕ’ ಬೇರೆ, ‘ತ’ ಬೇರೆ ಎಂಬ ವಿಂಗಡಣೆ ಅದರ ಮಾತಿನೊಳಗೆ ಇನ್ನೂ ಆಗಿರುವುದಿಲ್ಲ.

ಕಾಗೆಯ ಚಿತ್ರ ತೋರಿಸಿ, ‘ಇದು ತಾದೆನಾ?’ ಎಂದು ಬೇಕಂತಲೇ ಕೇಳಿದೆ. ಅವನಿಗೆ ರೇಗಿತು. ‘ಅಲ್ಲ, ತಾದೆ!’ ಅಂದ. ನಾನು ‘ಕಾಗೆನಾ?’ ಅಂದಾಗ ಸಮಾಧಾನದಿಂದ ‘ಹೂಂ, ತಾದೆ’ ಅಂದ. ಬರ್ಕೊ ಮತ್ತು ಬ್ರೌನ್ ಎಂಬ ಸಂಶೋಧಕರು 1960ರಲ್ಲೇ ಇಂಥದ್ದನ್ನು ದಾಖಲಿಸಿದ್ದಾರೆ. ಬೇರೆಯವರ ಬಾಯಲ್ಲಿ ಬಂದ ತಪ್ಪು ಮಗುವಿಗೆ ತಕ್ಷಣ ಗೊತ್ತಾಗುತ್ತದೆ, ತಾನು ಹೇಳುವಾಗ ಗೊತ್ತಾಗುವುದಿಲ್ಲ. ಹಾಗಿರುವಾಗ ‘ತಪ್ಪು, ಇನ್ನೊಂದ್ಸಲ ಹೇಳು’ ಎಂದು ನೂರು ಸಲ ಹೇಳಿಸಿದರೆ ಏನು ಪ್ರಯೋಜನ? ತಾನು ಸರಿಯಾಗಿಯೇ ಹೇಳುತ್ತಿದ್ದೇನೆ ಅಂತ ಅವನು ಅಂದುಕೊಂಡಿದ್ದಾನೆ. ಹೀಗೆ ಗದರಿಸಿಕೊಂಡು ಮಾತನ್ನೇ ಕಡಿಮೆ ಮಾಡಿದ ಮಕ್ಕಳನ್ನು ನೋಡಿದ್ದೇನೆ. ಅದಕ್ಕಿಂತ ನೋವಿನ ವಿಷಯ ನನ್ನ ಕೆಲಸದಲ್ಲಿ ಇನ್ನೊಂದಿಲ್ಲ.

ಮೊದಲು ‘ಕ’ ಸದ್ದು ಅವನ ಬಾಯಲ್ಲಿ ಹುಟ್ಟಬೇಕಿತ್ತು. ನಾಲಿಗೆಯ ತುದಿಯನ್ನು ಚಪ್ಪಟೆ ಕಡ್ಡಿಯಿಂದ ಕೆಳಗೆ ಹಗುರವಾಗಿ ಒತ್ತಿ ಹಿಡಿದು ‘ತ ಅನ್ನು’ ಅಂದೆ. ತುದಿ ಮೇಲೇಳುವಂತಿಲ್ಲ, ಹಾಗಾಗಿ ನಾಲಿಗೆಯ ಹಿಂಭಾಗ ಎದ್ದು ಅಂಗುಳಕ್ಕೆ ತಾಗುತ್ತದೆ, ‘ಕ’ ಬರುತ್ತದೆ. ಮೊದಲು ಬಂದದ್ದು ಅರೆಬರೆ ಸದ್ದು. ಅಂಗಾತ ಮಲಗಿಸಿ ಮಾಡಿಸಿದಾಗ ನಾಲಿಗೆ ತಾನಾಗಿ ಹಿಂದಕ್ಕೆ ಜಾರಿ ಸದ್ದು ಚೊಕ್ಕಟವಾಯಿತು. ಕ್ರಮೇಣ ಕಡ್ಡಿ ಬದಲು ಅವನ ಬೆರಳು, ಆಮೇಲೆ ಅದೂ ಬೇಡವಾಯಿತು.

ನಿಜವಾದ ಥೆರಪಿ ಅಲ್ಲಿಂದ ಶುರು. ಒಂದೇ ಸದ್ದಿನಲ್ಲಿ ಅರ್ಥ ಬದಲಾಗುವ ಜೋಡಿ ಪದಗಳ ಚಿತ್ರ ಮಾಡಿಕೊಂಡೆ: ಕಾಯಿ–ತಾಯಿ, ಕಲೆ–ತಲೆ, ಕಟ್ಟೆ–ತಟ್ಟೆ. ಮೊದಲು ನಾನು ಹೇಳಿದ್ದನ್ನು ಅವನು ಎತ್ತಿಕೊಡಬೇಕು, ಆಮೇಲೆ ಅವನು ಕೇಳಿದ್ದನ್ನು ನಾನು ಕೊಡಬೇಕು. ಅವನಿಗೆ ಕಾಯಿಯ ಚಿತ್ರ ಬೇಕು, ಬಾಯಲ್ಲಿ ಬರುವುದು ‘ತಾಯಿ’. ನಾನು ತಾಯಿಯ ಚಿತ್ರವನ್ನೇ ಕೊಡುತ್ತೇನೆ. ಅವನು ನನ್ನ ಮುಖ ನೋಡುತ್ತಾನೆ, ಚಿತ್ರ ನೋಡುತ್ತಾನೆ. ‘ಅದಲ್ಲ’ ಎಂದು ತಳ್ಳಿ, ಒಂದು ಗಳಿಗೆ ತಡೆದು, ಗಂಟಲಿನಿಂದ ಎಳೆದು ‘ಕ್... ಕಾಯಿ’ ಅನ್ನುತ್ತಾನೆ. ಕೇಳಿದ್ದು ಕೈಗೆ ಬಂದಾಗ ಆ ಮುಖ ನೋಡಬೇಕು! ಅವನನ್ನು ತಿದ್ದಿದ್ದು ನಾನಲ್ಲ, ಅರ್ಥ. ಜೋಡಿ ಪದಗಳ ಈ ವಿಧಾನವನ್ನು ವೀನರ್ ಎಂಬ ಸಂಶೋಧಕರು 1981ರಲ್ಲೇ ಪರೀಕ್ಷಿಸಿ ತೋರಿಸಿದ್ದರು. ನನ್ನ ಅನುಭವದಲ್ಲಿ ಇಂಥ ಮಕ್ಕಳಿಗೆ ಇದರಷ್ಟು ಕೆಲಸ ಮಾಡುವುದು ಬೇರೆ ಇಲ್ಲ.

ಆಟದಂತೆ ಕಂಡರೂ ಪ್ರತಿ ಸಲ ಕೂತಾಗ ಅವನು ಆ ಪದಗಳನ್ನು ತುಂಬಾ ಸಲ ಹೇಳುವ ಹಾಗೆ ನೋಡಿಕೊಂಡೆ. ಮನೆಗೆ ದಿನಕ್ಕೆ ಐದೈದು ನಿಮಿಷ ಒಂದೆರಡು ಸಲ ಅಷ್ಟೇ. ಉಳಿದ ಹೊತ್ತಿನಲ್ಲಿ ತಿದ್ದುವುದು ಬೇಡ ಅಂತ ಅವನ ಅಮ್ಮನಿಗೆ ಹೇಳಿದ್ದೆ. ಅವನು ‘ತಾದೆ ಬಂತು’ ಅಂದರೆ ‘ಹೌದು, ಕಾಗೆ ಬಂತು’ ಎಂದು ಸುಮ್ನೆ ಸರಿಯಾದ ರೂಪ ಕೇಳಿಸಿ ಮಾತು ಮುಂದುವರಿಸಿದರೆ ಸಾಕು.

ಎಲ್ಲ ಮಕ್ಕಳಿಗೂ ಇದೇ ದಾರಿ ಅಲ್ಲ. ಬರೀ ‘ರ’ ಒಂದೇ ಹೊರಳದ ಮಗುವಿಗೆ ಸ್ಪೀಚ್ ಥೆರಪಿ ತಜ್ಞ ವ್ಯಾನ್ ರೈಪರ್ ಹಾಕಿಕೊಟ್ಟ ಹಳೆಯ ಕ್ರಮವೇ ನನಗೆ ಹಿಡಿಸುತ್ತದೆ: ಕಿವಿಗೆ ತರಬೇತಿ, ಒಂಟಿ ಸದ್ದು, ಅಕ್ಷರ, ಪದ, ವಾಕ್ಯ, ಆಮೇಲೆ ಮಾತುಕತೆ. ಒಂದೇ ಪದವನ್ನು ಮೂರು ಸಲ ಮೂರು ಥರ ಹೇಳುವ ಮಗುವಾದರೆ ಅಪ್ರಾಕ್ಸಿಯಾ ಇರಬಹುದೇ ಎಂದು ನೋಡಬೇಕು. ಅಲ್ಲಿ ಕಷ್ಟ ಇರುವುದು ಒಂದು ಸದ್ದಿನಿಂದ ಇನ್ನೊಂದಕ್ಕೆ ಹೋಗುವ ಚಲನೆಯನ್ನು ಜೋಡಿಸುವುದರಲ್ಲಿ, ಜೋಡಿ ಚಿತ್ರಗಳಿಂದ ಅದು ಬಗೆಹರಿಯುವುದಿಲ್ಲ.

ಈ ಹುಡುಗನಿಗೆ ನಾನು ‘ಗ’ ಕಲಿಸಲೇ ಇಲ್ಲ. ಆಗಾಗ ಕಲಿಸದ ಪದಗಳನ್ನು ಕೇಳಿ ಪರೀಕ್ಷಿಸುತ್ತಿದ್ದೆ, ಹೇಳಿಕೊಟ್ಟ ಪದ ಮಾತ್ರ ಸರಿಯಾದರೆ ಅದು ಕಂಠಪಾಠ ಅಲ್ವಾ? ಒಂದು ದಿನ ಅವನು ‘ಬಾಗಿಲು’ ಅನ್ನುವುದನ್ನು ಸರಿಯಾಗಿ ಹೇಳಿದ, ಹೇಳಿದ್ದು ಅವನ ಗಮನಕ್ಕೂ ಬರಲಿಲ್ಲ. ನಿಯಮ ಒಳಗೇ ಬದಲಾಗಿದೆ ಅಂತ ಅಲ್ಲಿ ಗೊತ್ತಾಯಿತು. ಅಲ್ಲಿಂದ ಮುಂದೆ ಜೋಡಿ ಚಿತ್ರಗಳನ್ನು ಎತ್ತಿಟ್ಟು, ಕತೆ ಹೇಳಿಸುವುದಕ್ಕೆ ಶುರು ಮಾಡಿದೆವು.