ಘಾಟಿಗೆ ಒಂದು ಹಲ್ಲು ಕಡಿಮೆ: ಬೈಕಿನ ಸ್ಪ್ರಾಕೆಟ್ ಬದಲಿಸುವ ಬಗೆ

ನಮ್ಮ ಮನೆ ಇರುವುದು ಕೊಪ್ಪ ತಾಲ್ಲೂಕಿನ ಒಂದು ಗುಡ್ಡದ ನೆತ್ತಿಯಲ್ಲಿ. ಡಾಂಬರು ರಸ್ತೆ ಬಿಟ್ಟ ಮೇಲೆ ಅಂಗಳದವರೆಗೆ ಅರ್ಧ ಕಿಲೋಮೀಟರ್ ಜಂಬಿಟ್ಟಿಗೆ ಮಣ್ಣಿನ ಏರು. ಹಿಂದೆ ಹೆಂಡತಿ, ಕ್ಯಾರಿಯರಿಗೆ ಕಟ್ಟಿದ ಹಿಂಡಿ ಮೂಟೆ. ಇಷ್ಟು ಹೊತ್ತುಕೊಂಡು ನನ್ನ ಹಿಮಾಲಯನ್ 411 ಬೈಕು ಮೊದಲನೇ ಗೇರಿನಲ್ಲೂ ಅರ್ಧ ಕ್ಲಚ್ಚಿನಲ್ಲೇ ಹತ್ತಬೇಕಾಗುತ್ತಿತ್ತು. ಒಂದು ಮಳೆಗಾಲದ ಸಂಜೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಇಂಜಿನ್ನಿನಲ್ಲಿ ದೋಷವಿರಲಿಲ್ಲ. ಗಾಡಿಯ ಗೇರಿಂಗ್ ನಮ್ಮ ಏರಿಗೆ ಹೊಂದುತ್ತಿರಲಿಲ್ಲ, ಅಷ್ಟೆ. ಚೈನ್ ಕಿಟ್ ಸವೆದು ಬದಲಿಸುವ ಕಾಲವೂ ಬಂದಿದ್ದರಿಂದ ಮುಂದಿನ ಸ್ಪ್ರಾಕೆಟ್ಟಿನಲ್ಲಿ, ಅಂದರೆ ಚೈನ್ ಓಡಿಸುವ ಹಲ್ಲುಚಕ್ರದಲ್ಲಿ, ಒಂದು ಹಲ್ಲು ಇಳಿಸಿದೆ.

ಸ್ಪ್ಯಾನರ್ ಹಿಡಿಯುವ ಮೊದಲು ಲೆಕ್ಕ. ಹಿಂದಿನ ಹಲ್ಲುಗಳನ್ನು ಮುಂದಿನ ಹಲ್ಲುಗಳಿಂದ ಭಾಗಿಸಿ. ನನ್ನ ಗಾಡಿಯದು ಮುಂದೆ 15, ಹಿಂದೆ 38, ಅಂದರೆ 2.53. ಮುಂದೆ 14 ಹಾಕಿದರೆ 2.71. ಚಕ್ರಕ್ಕೆ ಸಿಗುವ ಎಳೆತ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಅದೇ ವೇಗಕ್ಕೆ ಇಂಜಿನ್ನೂ ಅಷ್ಟೇ ಹೆಚ್ಚು ತಿರುಗಬೇಕು: ನಿಮಿಷಕ್ಕೆ 4,000 ಸುತ್ತು (ಆರ್‌ಪಿಎಂ) ಇದ್ದಲ್ಲಿ ಸುಮಾರು 4,290. ಮುಂದೆ 16 ಹಾಕಿದರೆ ಅನುಪಾತ 2.375ಕ್ಕೆ ಇಳಿದು, 4,000 ಇದ್ದದ್ದು 3,750 ಆಗುತ್ತದೆ. ಹೆದ್ದಾರಿಯಲ್ಲೇ ದಿನ ಕಳೆಯುವವರಿಗೆ ಅದು ಹಿತ, ಏರಿನಲ್ಲಿ ಅದೇ ಶಿಕ್ಷೆ. ಈ ಗಾಡಿಯಲ್ಲಿ ಮುಂದಿನ ಒಂದು ಹಲ್ಲು ಹಿಂದಿನ ಎರಡೂವರೆ ಹಲ್ಲಿಗೆ ಸಮ. ಸಣ್ಣ ಬದಲಾವಣೆ ಸಾಕು ಎನ್ನುವವರು ಹಿಂದಿನದನ್ನು 38ರಿಂದ 40ಕ್ಕೆ ಏರಿಸಬಹುದು. ಅದರಿಂದ ನೂರಕ್ಕೆ ಐದರಷ್ಟು ವ್ಯತ್ಯಾಸ. ಮುಂದೆ ಒಂದಕ್ಕಿಂತ ಹೆಚ್ಚು ಹಲ್ಲು ಇಳಿಸಲು ಹೋಗಬೇಡಿ. ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನ್ ಹೆಚ್ಚು ಮಡಚಿ ತಿರುಗುತ್ತದೆ, ಬೇಗ ಸವೆಯುತ್ತದೆ, ಹಿಂದಿನ ಚಕ್ರ ಹಿಡಿದಿರುವ ತೋಳಿಗೂ (ಸ್ವಿಂಗ್ ಆರ್ಮ್) ಉಜ್ಜುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಚೈನಿನ ಕೊಂಡಿಗಳ ಸಂಖ್ಯೆ ಸಾಮಾನ್ಯವಾಗಿ ಸಮಸಂಖ್ಯೆ; ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು. ಸ್ಪ್ರಾಕೆಟ್ಟಿನ ಹಲ್ಲೂ ಸಮಸಂಖ್ಯೆಯಾದರೆ ಒಂದು ಹಲ್ಲಿಗೆ ಯಾವಾಗಲೂ ಒಂದೇ ಬಗೆಯ ಕೊಂಡಿ ಸಿಗುತ್ತದೆ. 15 ಹಲ್ಲಿದ್ದಾಗ ಅದು ಸುತ್ತು ಸುತ್ತಿಗೂ ಬದಲಾಗಿ ಸವೆತ ಹಂಚಿಹೋಗುತ್ತದೆ. 14ಕ್ಕೆ ಇಳಿದವರು ಆ ಅನುಕೂಲವನ್ನು ಬಿಟ್ಟುಕೊಡುತ್ತಾರೆ, ಹಾಗಾಗಿ ಚೈನ್ ಶುಚಿಯ ಕಡೆ ಮೊದಲಿಗಿಂತ ಹೆಚ್ಚು ಗಮನ ಬೇಕು.

ಅಂಗಡಿಗೆ ಹೋಗುವಾಗ ಚೈನಿನ ಪಕ್ಕದಲ್ಲಿ ಕೊರೆದಿರುವ ಸಂಖ್ಯೆ ಬರೆದುಕೊಳ್ಳಿ. ನನ್ನದು 520: ಮೊದಲ 5 ಎಂದರೆ ಎರಡು ಪಿನ್ನುಗಳ ನಡುವೆ ಅಂಗುಲದ ಎಂಟನೇ ಐದು ಭಾಗ, 15.875 ಮಿಲಿಮೀಟರ್. ಚಿಕ್ಕ ಗಾಡಿಗಳಲ್ಲಿ ಕಾಣುವ 428ರಲ್ಲಿ ಅದು ಅರ್ಧ ಅಂಗುಲ. ಒಂದರ ಸ್ಪ್ರಾಕೆಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಸಾಧ್ಯವಾದರೆ ಹಳೆಯ ಸ್ಪ್ರಾಕೆಟ್ಟನ್ನೇ ಒಯ್ದು, ಹೊಸದರ ಮೇಲಿಟ್ಟು ನಡುವಿನ ಸ್ಪ್ಲೈನ್ ಗೀರುಗಳನ್ನು ಎಣಿಸಿ ನೋಡಿ.

ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಿಸಿ. ಹಿಂದೆ ನನ್ನ ಇನ್ನೊಂದು ಬೈಕಿಗೆ ಒಂದು ಗ್ಯಾರೇಜಿನಲ್ಲಿ ಹಳೆಯ ಚೈನಿಗೆ ಹೊಸ ಸ್ಪ್ರಾಕೆಟ್ ಜೋಡಿಸಿ ಕಳಿಸಿದ್ದರು. ಹಿಗ್ಗಿದ ಚೈನ್ ಹೊಸ ಹಲ್ಲುಗಳನ್ನು ಒಂದೇ ಮಳೆಗಾಲದಲ್ಲಿ ತಿಂದು ಹಾಕಿತು. ಚೈನ್ ಮುಗಿದಿದೆಯೇ ಎಂದು ತಿಳಿಯಲು ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ; ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದರ ಆಯುಸ್ಸು ತೀರಿತು.

ಈಗ ಕೆಲಸ. ಸೆಂಟರ್ ಸ್ಟ್ಯಾಂಡ್ ಹಾಕುವ ಮೊದಲೇ, ಚೈನ್ ಜಾಗದಲ್ಲಿರುವಾಗಲೇ, ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ. ಗೇರ್ ಲಿವರ್ ಅಡ್ಡ ಬಂದರೆ ಅದರ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ತೆಗೆಯಿರಿ. ನಾನು ಕವರ್ ತೆಗೆದಾಗ ಒಳಗೆ ಸ್ಪ್ರಾಕೆಟ್ ಕಾಣಲೇ ಇಲ್ಲ. ಚೈನ್ ಎಣ್ಣೆ, ಕೆಂಪು ಧೂಳು, ಕೊಳೆತ ಎಲೆ ಎಲ್ಲ ಕಲೆತು, ಬಾಣಲೆಯ ತಳದ ಜಿಡ್ಡಿನಂತೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅಡಿಕೆ ದಬ್ಬೆಯ ಚೂರಿನಿಂದ ಕೆರೆದು, ಸೀಮೆಎಣ್ಣೆ ಬ್ರಷ್ಷಿನಿಂದ ತಿಕ್ಕಿದ ಮೇಲೆ ಹಲ್ಲುಗಳು ಹೊರಬಿದ್ದವು. ಕುಡುಗೋಲಿನ ತುದಿಯ ಹಾಗೆ ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಪೆಟ್ರೋಲ್ ಬಳಸಬೇಡಿ. ಇಂಜಿನ್ ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿಯುವುದಂತೂ ಎಂದಿಗೂ ಬೇಡ. ಬೆರಳು ಹೋಗಲು ಅರೆಕ್ಷಣ ಸಾಕು.

ಸ್ಪ್ರಾಕೆಟ್ಟನ್ನು ಹಿಡಿದಿಡುವ ವ್ಯವಸ್ಥೆ ಗಾಡಿಯಿಂದ ಗಾಡಿಗೆ ಬೇರೆ. ಕೆಲವದರಲ್ಲಿ ಎರಡು ಚಿಕ್ಕ ಬೋಲ್ಟುಗಳ ತಗಡು, ಕೆಲವದರಲ್ಲಿ ಒಂದು ದೊಡ್ಡ ನಟ್ಟು, ಅದರ ಮೇಲಕ್ಕೆ ಮಡಚಿದ ಲಾಕ್ ವಾಷರ್. ನಟ್ಟಿದ್ದರೆ ಮೊದಲು ವಾಷರಿನ ಮಡಿಕೆ ಬಿಡಿಸಿ. ಗಾಡಿಯನ್ನು ಗೇರಿನಲ್ಲಿಟ್ಟು, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಉದ್ದನೆಯ ಹಿಡಿಯ ಸ್ಪ್ಯಾನರಿನಿಂದ ಸಡಿಲಿಸಲಿ. ಚೈನ್ ಕಳಚಿದ ಮೇಲೆ ಈ ಕೆಲಸಕ್ಕೆ ಕೂತರೆ ಸ್ಪ್ರಾಕೆಟ್ ಸ್ಪ್ಯಾನರಿನ ಜೊತೆಗೇ ತಿರುಗುತ್ತದೆ. ನಟ್ಟು ತಿರುಗುವ ದಿಕ್ಕನ್ನು ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ನೋಡಿಕೊಂಡೇ ಬಲ ಹಾಕಿ.

ನಂತರ ಸ್ಟ್ಯಾಂಡ್ ಹಾಕಿ, ಹಿಂದಿನ ಆಕ್ಸಲ್ ನಟ್ಟು ಸಡಿಲಿಸಿ, ಚಕ್ರವನ್ನು ಮುಂದಕ್ಕೆ ತಳ್ಳಿ ಹಳೆಯ ಚೈನ್ ತೆಗೆಯಿರಿ. ಹಿಂದಿನ ಸ್ಪ್ರಾಕೆಟ್ಟಿಗೆ ಚಕ್ರ ಕಳಚಬೇಕು. ಅದರ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಹೊಸ ಸ್ಪ್ರಾಕೆಟ್ ಕೂರಿಸುವಾಗ ಹಳೆಯದರ ಯಾವ ಮುಖ ಹೊರಗಿತ್ತೋ ಹೊಸದರಲ್ಲೂ ಅದೇ ಮುಖ ಹೊರಗಿರಲಿ, ತಿರುಗುಮುರುಗಾದರೆ ಚೈನ್ ಸಾಲು ತಪ್ಪುತ್ತದೆ. ಲಾಕ್ ವಾಷರ್ ಮತ್ತು ಆಕ್ಸಲ್ಲಿನ ಸ್ಪ್ಲಿಟ್ ಪಿನ್ ಹೊಸದನ್ನೇ ಹಾಕಿ. ಚೈನಿನ ಎರಡು ತುದಿ ಕೂಡಿಸುವ ಲಾಕಿನ ಕ್ಲಿಪ್ಪಿನ ಬಾಯಿ ಚೈನ್ ಓಡುವ ದಿಕ್ಕಿಗೆ ವಿರುದ್ಧವಾಗಿರಬೇಕು.

ಒಂದು ಹಲ್ಲು ಕಡಿಮೆಯಾದರೆ ಚಕ್ರ ಸುಮಾರು 4 ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ, ಅಷ್ಟೆ. ಹಾಗಾಗಿ ಚೈನಿನ ಉದ್ದ ಬದಲಿಸುವ ಅಗತ್ಯ ನನಗೆ ಬರಲಿಲ್ಲ. ಮುಂದೆ ಹಲ್ಲು ಏರಿಸುವವರು ಸ್ಪ್ರಾಕೆಟ್ ಕವರಿಗೆ ಚೈನ್ ತಾಗುತ್ತದೆಯೇ ಎಂದು ಕೈಯಿಂದ ಚಕ್ರ ತಿರುಗಿಸಿ ನೋಡಬೇಕು.

ಚೈನಿನ ಸಡಿಲಕ್ಕೆ ಮ್ಯಾನ್ಯುಯಲ್ಲಿನಲ್ಲಿರುವ ಅಳತೆಯೇ ಪ್ರಮಾಣ. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ಅಳೆಯಿರಿ, ಎಲ್ಲಿ ಅತಿ ಬಿಗಿಯೋ ಅಲ್ಲಿ ಆ ಅಳತೆ ಸಿಗಬೇಕು. ಹೆಂಡತಿಯನ್ನೂ ಕೂರಿಸಿಕೊಂಡು, ಮಗನಿಂದ ಇನ್ನೊಮ್ಮೆ ಚೈನ್ ಎತ್ತಿಸಿ ನೋಡಿದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿಯಾಗುತ್ತದೆ. ಆಗಲೂ ಸ್ವಲ್ಪ ಸಡಿಲ ಉಳಿಯದಿದ್ದರೆ ಗೇರ್‌ಬಾಕ್ಸ್ ಬೇರಿಂಗಿಗೆ ಏಟು.

ಸ್ಪೀಡೋಮೀಟರ್ ವಿಚಾರ: ವೇಗವನ್ನು ಚಕ್ರದಿಂದ ಅಳೆಯುವ ಗಾಡಿಗಳಲ್ಲಿ ಏನೂ ಬದಲಾಗುವುದಿಲ್ಲ. ಗೇರ್‌ಬಾಕ್ಸಿನಿಂದ ಅಳೆಯುವವು 14 ಹಾಕಿದ ಮೇಲೆ ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ವಾರಂಟಿ ಇನ್ನೂ ಇರುವವರು ಮೊದಲು ಷೋರೂಮಿನಲ್ಲಿ ಕೇಳಿಕೊಳ್ಳಿ.

ನನಗೆ ಸಿಕ್ಕಿದ್ದು, ಕಳೆದುಕೊಂಡದ್ದು ಎರಡನ್ನೂ ಹೇಳುತ್ತೇನೆ. ಮನೆಯ ಏರನ್ನು ಈಗ ಕ್ಲಚ್ ಪೂರ್ತಿ ಬಿಟ್ಟು ಹತ್ತುತ್ತೇನೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಏರುವಾಗ ಹಿಂದೆ ಜನ ಇದ್ದರೂ ಹಿಮ್ಮುರಿ ತಿರುವುಗಳಲ್ಲಿ ಎರಡನೇ ಗೇರು ಮುಗ್ಗರಿಸದೆ ಎಳೆಯುತ್ತದೆ. ಮೊದಲು ಅಲ್ಲೆಲ್ಲ ಒಂದಕ್ಕೆ ಇಳಿಯುತ್ತಿದ್ದೆ. ಆದರೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಕಡೆಗೆ ಎಂಬತ್ತರ ಮೇಲೆ ಓಡಿಸಿದರೆ ಫುಟ್‌ರೆಸ್ಟಿನಲ್ಲಿ ನಡುಕ ಹೆಚ್ಚು. ಲೀಟರಿಗೆ 32 ಕಿಲೋಮೀಟರ್ ಬರುತ್ತಿದ್ದದ್ದು 30ಕ್ಕೆ ಇಳಿದಿದೆ. ವಾರಕ್ಕೆ ಹತ್ತು ಸಲ ಏರು ಹತ್ತಿ, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗುವ ನನಗೆ ಇದು ನಷ್ಟವಲ್ಲ.

ಹೊಸ ಚೈನ್ ಮೊದಲ ದಿನಗಳಲ್ಲಿ ಸ್ವಲ್ಪ ಹಿಗ್ಗುತ್ತದೆ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಸಡಿಲವನ್ನು ಮತ್ತೆ ಅಳೆಯಿರಿ, ಮುಂದಿನ ಕವರ್ ಬಿಚ್ಚಿ ಲಾಕ್ ವಾಷರಿನ ಮಡಿಕೆ ಹಾಗೇ ಇದೆಯೇ ನೋಡಿ, ಆಕ್ಸಲ್ ನಟ್ಟಿಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ.