ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತೀರಿ?

“ನರ್ಸಮ್ಮ, ತೂತು ಬಿದ್ದ ಕೊಡಕ್ಕೆ ನೀರು ಸುರಿದರೆ ತೂತು ಮುಚ್ಚುತ್ತದೆಯೇ?”

ಚಿತ್ರದುರ್ಗ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ನಾನು ಕಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಮನೆಭೇಟಿಗೆ ಹೋದಾಗ ಒಬ್ಬ ಅಜ್ಜಿ ಈ ಪ್ರಶ್ನೆ ಕೇಳಿದರು. ತೊಡೆಯ ಮೇಲೆ ಹತ್ತು ತಿಂಗಳ ಮೊಮ್ಮಗಳು. ಹಿಂದಿನ ರಾತ್ರಿಯಿಂದ ನೀರಿನಂತಹ ಭೇದಿ. “ಕುಡಿಸು ಕುಡಿಸು ಎನ್ನುತ್ತೀರಿ. ಕುಡಿಸಿದಷ್ಟೂ ಹೋಗುತ್ತದೆ. ಹೊಟ್ಟೆಯನ್ನು ಖಾಲಿ ಬಿಟ್ಟರೆ ತಾನೇ ನಿಲ್ಲುವುದು?”

ತರಬೇತಿಯಲ್ಲಿ ಕಲಿತದ್ದನ್ನು ಕಲಿತ ಹಾಗೆಯೇ ಒಪ್ಪಿಸಿದೆ. “ನಿರ್ಜಲೀಕರಣ ಆಗುತ್ತದೆ ಅಜ್ಜಿ. ದೇಹದ ಲವಣಾಂಶ ಕಡಿಮೆಯಾಗುತ್ತದೆ. ಈ ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ನೀರಿಗೆ ಕಲಸಿ ಕೊಡಿ.” ಅಜ್ಜಿ ತಲೆಯಾಡಿಸಿದರು, ಸೊಸೆಯೂ ತಲೆಯಾಡಿಸಿದಳು. ಅರ್ಥವಾಗಿದೆ ಎಂದುಕೊಂಡು ಮುಂದಿನ ಮನೆಗೆ ಹೋದೆ.

ಮರುದಿನ ಸಂಜೆ ಹೋದಾಗ ಆ ಉಪ್ಪು-ಸಕ್ಕರೆ ಪುಡಿಯ ಪಾಕೀಟು ಗೋಡೆಯ ಗೂಡಿನಲ್ಲಿ ದೀಪದ ಪಕ್ಕ ಇಟ್ಟ ಹಾಗೆಯೇ ಇತ್ತು. ಮಗುವಿನ ಕಣ್ಣು ಗುಳಿಬಿದ್ದಿದ್ದವು, ನೆತ್ತಿ ತಗ್ಗಾಗಿತ್ತು. ಅಜ್ಜಿ ನೆತ್ತಿಗೆ ಹರಳೆಣ್ಣೆ ಒತ್ತಿದ್ದರು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದೆತ್ತಿ ಬಿಟ್ಟೆ. ಚೆನ್ನಾಗಿರುವ ಮಗುವಿನ ಚರ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಸಮವಾಗುತ್ತದೆ. ಇಲ್ಲಿ ಆ ಮಡಿಕೆ ಒದ್ದೆ ಬಟ್ಟೆಯ ಸುಕ್ಕಿನಂತೆ ನಿಂತೇ ಇತ್ತು. ಒಂದು, ಎರಡು ಎಂದು ಎಣಿಸಿ ಮೂರಕ್ಕೆ ಬಂದರೂ ಪೂರ್ತಿ ಇಳಿದಿರಲಿಲ್ಲ. 108 ವಾಹನ ಕರೆಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಮಗು ಉಳಿಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜಿಯ ಮೇಲೆ ಸಿಟ್ಟು ಬಂದಿತ್ತು ಎಂದೇ ಮೊದಲು ಅನ್ನಿಸಿತು. ಯೋಚಿಸುತ್ತಾ ಹೋದಂತೆ ಅವರ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂಬುದು ಹೊಳೆಯಿತು. ಕೊಡ, ತೂತು, ನೀರು ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ನಾನು ತೋರಿಸಬೇಕಿತ್ತು. ತೋರಿಸುವ ಬದಲು ಅವರು ಎಂದೂ ಕೇಳಿರದ ಒಂದು ದೊಡ್ಡ ಪದವನ್ನು ಇಟ್ಟು ಬಂದಿದ್ದೆ.

ಅಲ್ಲಿಂದ ಮುಂದೆ ಹದಿನೈದು ವರ್ಷಗಳಲ್ಲಿ ನಾನು ವಿವರಿಸುವ ರೀತಿಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿಕೊಂಡೆ. ಬದಲಾಯಿಸಿದ ಮೊದಲ ಮಾತು ಇದು: “ಓಆರ್‌ಎಸ್ ಕೊಟ್ಟರೆ ಭೇದಿ ನಿಲ್ಲುತ್ತದೆ” ಎಂದು ಹೇಳುವುದನ್ನು ಪೂರ್ತಿ ಬಿಟ್ಟೆ. ಏಕೆಂದರೆ ಅದು ನಿಜವಲ್ಲ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ಹಾಗೆಂದು ನಂಬಿಸಿದರೆ ತಾಯಿ ಅರ್ಧ ದಿನ ಕುಡಿಸುತ್ತಾಳೆ, ಭೇದಿ ಮುಂದುವರಿದದ್ದನ್ನು ನೋಡುತ್ತಾಳೆ, ನಂಬಿಕೆ ಕಳೆದುಕೊಂಡು ಲೋಟ ಕೆಳಗಿಡುತ್ತಾಳೆ. ಈಗ ಅಜ್ಜಿಯ ಕೊಡದಿಂದಲೇ ಶುರು ಮಾಡುತ್ತೇನೆ. “ತೂತನ್ನು ನಾವು ಮುಚ್ಚುವುದಿಲ್ಲ ಅಜ್ಜಿ. ಅದು ಸಾಮಾನ್ಯವಾಗಿ ಮೂರು ದಿನಕ್ಕೋ ಐದು ದಿನಕ್ಕೋ, ಹೆಚ್ಚೆಂದರೆ ವಾರದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಕೊಡ ಬತ್ತಿಹೋದರೆ ಮಗು ಉಳಿಯುವುದಿಲ್ಲ. ಹೋದಷ್ಟನ್ನು ತುಂಬುತ್ತಾ ಇರುವುದು ನಮ್ಮ ಕೆಲಸ.” ಈ ಮಾತಿಗೆ ಅಜ್ಜಿಯಂದಿರು ತಲೆಯಾಡಿಸಿ ಸುಮ್ಮನಾಗುವುದಿಲ್ಲ, ಮರುಪ್ರಶ್ನೆ ಕೇಳುತ್ತಾರೆ. ನನಗೆ ಬೇಕಾಗಿದ್ದೂ ಅದೇ.

ಮರುಪ್ರಶ್ನೆ ಬಹುತೇಕ ಒಂದೇ. “ತುಂಬುವುದಕ್ಕೆ ಬರಿ ನೀರು ಸಾಲದೇ? ಸಕ್ಕರೆ ಏಕೆ? ಸಿಹಿ ತಿಂದರೆ ಭೇದಿ ಜಾಸ್ತಿ ಆಗುವುದಿಲ್ಲವೇ?”

ಇದಕ್ಕೆ ಉತ್ತರ ಹುಡುಕಲು ನಾನೇ ಮತ್ತೆ ಪುಸ್ತಕ ತೆರೆಯಬೇಕಾಯಿತು. ಸಣ್ಣ ಕರುಳಿನ ಒಳಗೋಡೆ ನೀರನ್ನು ಕೈಹಿಡಿದು ಒಳಗೆ ಎಳೆದುಕೊಳ್ಳುವುದಿಲ್ಲ. ಉಪ್ಪಿನ ಸೋಡಿಯಂ ಒಳಗೆ ಹೋದರೆ ನೀರು ಅದರ ಹಿಂದೆ ಹೋಗುತ್ತದೆ. ಆ ಗೋಡೆಯಲ್ಲಿ ಒಂದು ಬಾಗಿಲು ಹೇಗಿದೆಯೆಂದರೆ, ಸೋಡಿಯಂ ಮತ್ತು ಸಕ್ಕರೆಯಲ್ಲಿರುವ ಗ್ಲುಕೋಸ್ ಜೋಡಿಯಾಗಿ ಬಂದಾಗಲೇ ಅದು ಅವುಗಳನ್ನು ಒಳಗೆ ಬಿಡುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿಯ ವಿಚಾರವನ್ನು ಮುಂದಿಟ್ಟರು. ನನ್ನ ಮೈ ಜುಮ್ಮೆನ್ನಿಸಿದ ಸಂಗತಿ ಇದರ ಮುಂದಿನದು. ಕಾಲರಾದಲ್ಲಿ ಕರುಳಿನ ಗೋಡೆಯಿಂದ ನೀರು ಧಾರೆಯಾಗಿ ಹೊರಗೆ ಸುರಿಯುತ್ತಿರುವಾಗಲೂ ಈ ಜೋಡಿ ಬಾಗಿಲು ಕೆಡುವುದಿಲ್ಲ. ಕಾಯಿಲೆ ಎಲ್ಲವನ್ನೂ ಬುಡಮೇಲು ಮಾಡಿರುವ ಹೊತ್ತಿನಲ್ಲಿ ಆ ಒಂದು ದಾರಿ ತೆರೆದೇ ಇರುತ್ತದೆ. ಓಆರ್‌ಎಸ್ ಎಂದರೆ ಆ ದಾರಿಯನ್ನು ಬಳಸಿಕೊಳ್ಳುವುದು, ಅಷ್ಟೇ. ಮನೆಗಳಲ್ಲಿ ನಾನು ಹೇಳುವುದು ಹೀಗೆ: “ಉಪ್ಪು ಒಂಟಿಯಾಗಿ ಹೋದರೆ ಬಾಗಿಲು ತೆರೆಯುವುದಿಲ್ಲ. ಸಕ್ಕರೆ ಜೊತೆಗಿದ್ದರೆ ತೆರೆಯುತ್ತದೆ. ಇಬ್ಬರೂ ಒಳಗೆ ಹೋಗುವಾಗ ನೀರನ್ನೂ ಕರೆದುಕೊಂಡು ಹೋಗುತ್ತಾರೆ.”

ಆದರೆ ಇಲ್ಲೊಂದು ಅಪಾಯ ಕಾದಿತ್ತು. ಸಕ್ಕರೆ ಒಳ್ಳೆಯದು ಎಂದ ಕೂಡಲೇ ಕೆಲವರು ಧಾರಾಳವಾಗಿ ಹಾಕತೊಡಗಿದರು. ಒಬ್ಬ ತಾಯಿ ಇಡೀ ಪಾಕೀಟನ್ನು ಒಂದು ಲೋಟ ನೀರಿಗೆ ಕಲಸಿ, “ಗಟ್ಟಿಯಾಗಿದ್ದರೆ ಬೇಗ ಹಿಡಿಯುತ್ತದೆ ಎಂದುಕೊಂಡೆ ಸಿಸ್ಟರ್” ಎಂದಳು. ಇನ್ನೊಂದು ಮನೆಯಲ್ಲಿ ಅಪ್ಪ ಅಂಗಡಿಯಿಂದ ತಂಪು ಪಾನೀಯ ತಂದು ಕುಡಿಸುತ್ತಿದ್ದ. ಹದವನ್ನು ಹೇಗೆ ವಿವರಿಸುವುದು?

ದಾರಿ ತೋರಿದ್ದು ಒಂದು ರಾಮನವಮಿ. ನಮ್ಮ ಮನೆಯಲ್ಲಿ ಪಾನಕ, ಕೋಸಂಬರಿ ತಯಾರಾಗುತ್ತಿತ್ತು. ಹೆಚ್ಚಿದ ಸೌತೆಕಾಯಿಗೆ ನಾನು ಉಪ್ಪು ಹಾಕಲು ಹೋದಾಗ ಅತ್ತೆ ಕೈ ತಡೆದರು. “ಈಗಲೇ ಹಾಕಬೇಡಮ್ಮ, ನೀರು ಬಿಟ್ಟುಕೊಳ್ಳುತ್ತದೆ. ಬಡಿಸುವ ಹೊತ್ತಿಗೆ ಹಾಕಿದರಾಯಿತು.” ಕೈಯಲ್ಲಿ ಉಪ್ಪು ಹಿಡಿದುಕೊಂಡೇ ನಿಂತುಬಿಟ್ಟೆ. ನಾನು ಹುಡುಕುತ್ತಿದ್ದ ವಿವರಣೆ ನಮ್ಮ ಅಡುಗೆಮನೆಯಲ್ಲೇ ಇತ್ತು.

ಮುಂದಿನ ಗುರುವಾರ ಲಸಿಕೆಯ ದಿನ. ಅಂಗನವಾಡಿಗೆ ಒಂದು ಸೌತೆಕಾಯಿ ಒಯ್ದೆ. ಎರಡು ತಟ್ಟೆಗಳಲ್ಲಿ ಹೋಳು ಹರಡಿ ಒಂದಕ್ಕೆ ಮಾತ್ರ ಉಪ್ಪು ಉದುರಿಸಿದೆ. ಮಕ್ಕಳಿಗೆ ಚುಚ್ಚುಮದ್ದು ಹಾಕಿ ಮುಗಿಸುವಷ್ಟರಲ್ಲಿ ಉಪ್ಪು ಹಾಕಿದ ತಟ್ಟೆ ಓರೆ ಮಾಡಿದರೆ ನೀರು ಹರಿಯುವಷ್ಟಾಗಿತ್ತು. ಹೋಳುಗಳು ಮೆತ್ತಗಾಗಿ ಬಾಗಿದ್ದವು. “ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತೀರಿ?” ಎಂದು ಕೇಳಿದೆ. “ಕೊನೆಗೆ” ಎಂದು ಎಲ್ಲರೂ ಒಟ್ಟಿಗೆ ಹೇಳಿದರು. “ಏಕೆ?” “ನೀರು ಬಿಡುತ್ತದೆ.” ಕರುಳಿನಲ್ಲೂ ಹೀಗೆಯೇ ಎಂದೆ. ಉಪ್ಪೋ ಸಕ್ಕರೆಯೋ ಹದ ಮೀರಿದರೆ ನೀರು ಒಳಗೆ ಹೋಗುವುದಿಲ್ಲ. ಬದಲಿಗೆ ಮಗುವಿನ ಮೈಯ ನೀರೇ ಕರುಳಿಗೆ ಇಳಿದು ಬರುತ್ತದೆ. ಸಕ್ಕರೆಗೂ ಇದೇ ಗುಣ ಇದೆಯೇ ಎಂದು ಒಬ್ಬಳು ಕೇಳಿದಳು. ಮಾವಿನಕಾಯಿ ತುರಿಗೆ ಸಕ್ಕರೆ ಬೆರೆಸಿಟ್ಟರೆ ಹೇಗೆ ರಸ ಬಿಡುತ್ತದೆ ಎಂದು ಪಕ್ಕದವಳೇ ಉತ್ತರ ಕೊಟ್ಟಳು.

ಅಂದಿನಿಂದ ತಂಪು ಪಾನೀಯ ಏಕೆ ಬೇಡ, ಪಾಕೀಟನ್ನು ಲೋಟದಲ್ಲಿ ಏಕೆ ಕಲಸಬಾರದು ಎಂಬ ಎರಡಕ್ಕೂ ಈ ಒಂದು ತಟ್ಟೆ ಸಾಕಾಗಿದೆ. ಪ್ರಮಾಣಿತ ಪಾಕೀಟು 20.5 ಗ್ರಾಂ ತೂಗುತ್ತದೆ, ಅದರಲ್ಲಿ ಗ್ಲುಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಉಳಿದದ್ದು ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಇಷ್ಟೂ ಒಂದು ಲೀಟರ್ ನೀರಿಗೆ. ಅಂಗಡಿಯಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತು ಬರುತ್ತಿದ್ದ ಸಿಹಿ ಪಾನೀಯಗಳ ಡಬ್ಬಿಯ ಹಿಂಬದಿ ಓದಿದಾಗ ಸಕ್ಕರೆ ಇದರ ಹಲವು ಪಟ್ಟು ಇರುವುದನ್ನು ಕಂಡು ಕಳವಳವಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅಂತಹ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದೆಂದು ಆದೇಶಿಸಿದಾಗ ನನಗಾದ ಸಮಾಧಾನ ದೊಡ್ಡದು. ಆದರೂ ಔಷಧಿ ಅಂಗಡಿಯಲ್ಲಿ ಕೊಳ್ಳುವವರಿಗೆ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿರುವ ಪುಡಿಯನ್ನೇ ಕೇಳಿ. ನಮ್ಮ ಊರುಗಳಲ್ಲಾದರೆ ಆಶಾ ಕಾರ್ಯಕರ್ತೆಯ ಬಳಿ ಉಚಿತವಾಗಿ ಸಿಗುತ್ತದೆ.

ಲೀಟರ್ ಎಂಬುದೇ ಇನ್ನೊಂದು ತೊಡಕು. ಮನೆಯ ಚೊಂಬು ಎಷ್ಟು ಹಿಡಿಯುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಒಂದು ಮನೆಯ ಚೊಂಬಿನಂತೆ ಇನ್ನೊಂದು ಮನೆಯದಿರುವುದಿಲ್ಲ. ಹಾಗಾಗಿ ಚೀಲದಲ್ಲಿ ಒಂದು ಲೀಟರಿನ ಬಾಟಲಿ ಇಟ್ಟುಕೊಂಡೇ ಓಡಾಡುತ್ತೇನೆ. ಬಾಟಲಿಯ ನೀರನ್ನು ಅವರ ಪಾತ್ರೆಗೆ ಸುರಿದು, ನೀರು ನಿಂತ ಮಟ್ಟಕ್ಕೆ ಮೊಳೆಯಿಂದ ಒಂದು ಗೀರು ಹಾಕಿಸುತ್ತೇನೆ. ಗೀರನ್ನು ನಾನು ಹಾಕುವುದಿಲ್ಲ, ಆ ಮನೆಯವರೇ ಹಾಕಬೇಕು. ಪುಡಿ ಸಿಗದ ರಾತ್ರಿಗೆ ಅದೇ ಗೀರಿನವರೆಗಿನ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಿರಬಾರದು, ಮಟ್ಟ ಮಾಡಿರಬೇಕು. ಕುಡಿಸುವ ಮುಂಚೆ ರುಚಿ ನೋಡಬೇಕು, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಬೇಕು. ಕಲಸಿದ್ದು 24 ಗಂಟೆ ದಾಟಿದರೆ ಅದನ್ನೂ ಚೆಲ್ಲಬೇಕು.

ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಕೊಡಲು ಹೇಳುತ್ತೇನೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅಂದರೆ ಸಣ್ಣ ಲೋಟದಲ್ಲಿ ಅರ್ಧದಷ್ಟು. ಎದೆಹಾಲು ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಗಂಜಿ, ಬೇಳೆಯ ತಿಳಿ, ಮಜ್ಜಿಗೆ ಎಲ್ಲವೂ ಆಗುತ್ತದೆ.

ಅತಿ ಕಷ್ಟದ ಪ್ರಶ್ನೆ ಯಾವುದೆಂದರೆ, “ಗ್ಲುಕೋಸ್ ಬಾಟಲಿ ಹಾಕಿಸಿದರೆ ಒಂದೇ ಸಲಕ್ಕೆ ಗುಣವಾಗುತ್ತದಲ್ಲ, ಇದೆಲ್ಲ ಏಕೆ?” ಸೂಜಿಯ ಮೇಲಿನ ಭಕ್ತಿ ನಮ್ಮ ಕಡೆ ಗಾಢವಾದದ್ದು. ಇಲ್ಲಿ ನಾನು ಒಂದು ಕಥೆ ಹೇಳುತ್ತೇನೆ, ನಡೆದ ಕಥೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನ ಗಡಿಯ ಶಿಬಿರಗಳಲ್ಲಿದ್ದರು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳಕ್ಕೆ ಏರಿಸುವ ದ್ರಾವಣ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲುಕೋಸ್, ಸೋಡಾವನ್ನು ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದಲ್ಲಿ ಸಾವು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. “ಅಲ್ಲಿ ಕುಡಿಸಿದವರು ಡಾಕ್ಟರಲ್ಲ ಅಕ್ಕ, ನಿಮ್ಮಂತಹ ತಾಯಂದಿರು” ಎಂದಾಗ ಕೇಳುತ್ತಿರುವವರ ಮುಖ ನೋಡಬೇಕು. 1978ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಉಪ್ಪು-ಸಕ್ಕರೆಯ ನಂಟಿನ ಅರಿವನ್ನು ಬಹುಶಃ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಎಂದು ಬಣ್ಣಿಸಿತು. ಮಹಲನಬೀಸ್ ಅವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ಅವರು ತೀರಿಕೊಂಡ ಮರುವರ್ಷ. ಬದುಕಿದ್ದಾಗಲೇ ಸಲ್ಲಬೇಕಿತ್ತು ಎಂಬುದು ನನ್ನ ನೋವು.

ಡ್ರಿಪ್ ಬೇಡವೇ ಬೇಡ ಎಂದು ಮಾತ್ರ ನಾನು ಎಂದೂ ಹೇಳುವುದಿಲ್ಲ. ಗೂಡಿನಲ್ಲಿ ಪಾಕೀಟು ಉಳಿದಿದ್ದ ಆ ಮನೆಯ ಮಗುವನ್ನು ಉಳಿಸಿದ್ದು ಡ್ರಿಪ್ಪೇ. ಮಗು ಕುಡಿಯಲಾರದಷ್ಟು ಸುಸ್ತಾಗಿದ್ದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಚರ್ಮದ ಮಡಿಕೆ ಇಳಿಯಲು ತಡವಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ದಾರಿಯುದ್ದಕ್ಕೂ, ಮಗು ಎಚ್ಚರವಾಗಿದ್ದು ನುಂಗುತ್ತಿದ್ದರೆ, ಚಮಚದಲ್ಲಿ ಕುಡಿಸುತ್ತಾ ಹೋಗಬೇಕು.

ಭೇದಿಗೆ ಓಆರ್‌ಎಸ್ ಜೊತೆ ಕೊಡುವ ಜಿಂಕ್ ಮಾತ್ರೆಯ ವಿಷಯದಲ್ಲಿ ನಾನಿನ್ನೂ ಪೂರ್ತಿ ಗೆದ್ದಿಲ್ಲ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನವರೆಗೆ 10 ಮಿಲಿಗ್ರಾಂ, ಒಟ್ಟು 14 ದಿನ. ಆದರೆ ಮನೆಗಳಲ್ಲಿ ಭೇದಿ ನಾಲ್ಕನೆಯ ದಿನಕ್ಕೆ ನಿಂತರೆ ಮಾತ್ರೆ ಕೊಡುವುದನ್ನೂ ಅಂದೇ ನಿಲ್ಲಿಸಿಬಿಡುತ್ತಾರೆ. “ನಿಂತ ಮೇಲೂ ಏಕೆ?” ಎನ್ನುತ್ತಾರೆ. ಮಳೆಗೆ ಹೊಲದ ಬದು ಕೊಚ್ಚಿಹೋದರೆ ಮಳೆ ನಿಂತಿತೆಂದು ಸುಮ್ಮನಿರುತ್ತೀರೇ, ಮುಂದಿನ ಮಳೆಗೆ ಮೊದಲು ಬದು ಕಟ್ಟುವುದಿಲ್ಲವೇ ಎಂದು ಕೇಳುತ್ತೇನೆ. ಕರುಳಿನ ಗೋಡೆ ಮತ್ತೆ ಗಟ್ಟಿಯಾಗಲು ಜಿಂಕ್ ನೆರವಾಗುತ್ತದೆ, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದು ಕಡಿಮೆಯಾಗುತ್ತದೆ. ಹೊಲ ಇರುವವರಿಗೆ ಇದು ಕೂಡಲೇ ತಟ್ಟುತ್ತದೆ. ಆದರೂ ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆಗಳನ್ನು ಎಣಿಸಲು ಏಳನೆಯ ದಿನ ನಾನೋ ಆಶಾ ಕಾರ್ಯಕರ್ತೆಯೋ ಹೋಗಲೇಬೇಕು.

ಕಳೆದ ಬೇಸಿಗೆಯಲ್ಲಿ ಅದೇ ಅಜ್ಜಿಯ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಮೊಮ್ಮಗಳು ಈಗ ಹೈಸ್ಕೂಲು ಮುಗಿಸಿದ್ದಾಳೆ. ಅಜ್ಜಿ ಜಗಲಿಯಲ್ಲಿ ಪಕ್ಕದ ಮನೆಯ ಬಾಣಂತಿಗೆ ಏನೋ ಹೇಳುತ್ತಿದ್ದವರು ನನ್ನನ್ನು ಕೂಗಿದರು. “ನರ್ಸಮ್ಮ, ಇವಳ ಮನೆಯಲ್ಲಿ ಸಕ್ಕರೆ ಇಲ್ಲವಂತೆ. ಬೆಲ್ಲ ಹಾಕಿದರೆ ಆ ಬಾಗಿಲು ತೆರೆಯುತ್ತದೆಯೇ?”

ತೆರೆಯುತ್ತದೆ ಎಂದೆ. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರ ದಶಕದಲ್ಲಿ ಮನೆಮನೆಗೆ ಹೋಗಿ ಉಪ್ಪು-ಬೆಲ್ಲದ ನೀರನ್ನೇ ಕಲಿಸಿದ್ದರು. ಆದರೆ ಬೆಲ್ಲವನ್ನು ಚಮಚದಲ್ಲಿ ಅಳೆಯುವುದು ಕಷ್ಟ, ಹದ ತಪ್ಪುತ್ತದೆ, ಪುಡಿ ಇರುವಾಗ ಪುಡಿಯೇ ಮೇಲು ಎಂದು ಹೇಳಿ ಚೀಲದಿಂದ ಎರಡು ಪಾಕೀಟು ತೆಗೆದುಕೊಟ್ಟೆ. ಅಜ್ಜಿ ಒಳಗೆ ಹೋಗಿ ಗೀರು ಹಾಕಿದ ತಮ್ಮ ಚೊಂಬನ್ನು ತಂದು ಆ ಹುಡುಗಿಯ ಕೈಗೆ ಕೊಟ್ಟು, “ಇಲ್ಲಿಯವರೆಗೆ ಮಾತ್ರ ನೀರು” ಎಂದು ಬೆರಳಿಟ್ಟು ತೋರಿಸಿದರು.