ಎಪಿಕೆ ಬಂದ್ರ ನಾ ಏನ್ ಮಾಡ್ತೀನಿ: ಬ್ಯಾಡಗಿ ದಲಾಲಿ ಅಂಗಡ್ಯಾಗಿನ ಅನುಭವ

ನಾ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ್ಯಾಗ ಒಂದ್ ದಲಾಲಿ ಅಂಗಡಿಯೊಳಗ ಲೆಕ್ಕ ಬರೀತೀನ್ರಿ. ಮಾಲು ಇಳಸ್ಕೊಳ್ಳೋದು, ಲಾಟ್ ನಂಬರ್ ಹಾಕೋದು, ಟೆಂಡರ್ ರೇಟ್ ಬಂದ ಮ್ಯಾಲೆ ರೈತರಿಗೆ ಹೇಳೋದು, ಪಟ್ಟಿ ಮಾಡಿ ರೊಕ್ಕ ಅಕೌಂಟಿಗೆ ಹಾಕೋದು, ಇಷ್ಟ ನನ್ನ ಕೆಲಸ. ಫೋನ್ ರಿಪೇರಿ ನನ್ನ ಕಸುಬಲ್ಲ. ಆದ್ರ ಈಗ ಈ ಎಲ್ಲಾ ಕೆಲಸಾನೂ ಫೋನ್ ಮ್ಯಾಲೇ ನಡೀತಾವ, ಅಂಗಡಿ ಫೋನ್ ಅದಾವ, ಹಮಾಲರ ಫೋನ್ ಬ್ಯಾರೆ, ಸೋಮವಾರ ಗುರುವಾರ ಟೆಂಡರಿಗೆ ಬಂದ ರೈತರು "ತಮ್ಮಾ, ಇದೊಂಚೂರು ನೋಡಪಾ, ಏನೋ ಬಂದೈತಿ" ಅಂತ ಫೋನ್ ಚಾಚೋದು ಬ್ಯಾರೆ, ಹಿಂಗಾಗಿ ಕಳ್ಳ ಆ್ಯಪ್ ಹಿಡಿಯೋದು ತಗಿಯೋದು ನನಗ ರೂಢಿ ಆಗಿಬಿಟ್ಟೈತಿ. ಇಲ್ಲಿ ಬರ್ದಿದ್ದೆಲ್ಲಾ ಆ್ಯಂಡ್ರಾಯ್ಡ್ ಲೆಕ್ಕದಾಗ. ಸಾವ್ಕಾರ್ರ ಮಗನ ಕೈಯಾಗ ಐಫೋನ್ ಐತಿ, ಅದರಾಗ ಎಪಿಕೆ (ಅಂದ್ರ ಪ್ಲೇಸ್ಟೋರ್ ಬಿಟ್ಟು ನೇರ ಹಾಕ್ಕೊಳ್ಳೋ ಆ್ಯಪ್ ಫೈಲ್) ಓಡಂಗಿಲ್ಲ, ಅವನ ಚಿಂತಿ ನನಗಿಲ್ಲ (ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ರ ಐಫೋನೂ ಅಷ್ಟ, ಅದು ಬ್ಯಾರೆ ಮಾತು).

ನಮ್ಮ ಕಡೆ ಬರೋವು ಯಾವ್ಯಾವು ಅಂದ್ರ, ಮದುವಿ ಕಾರ್ಡ್ ಅಂತ ಒಂದು, ಆರ್‌ಟಿಒ ಚಲನ್ ಅಂತ ಒಂದು, ಬ್ಯಾಂಕ್ ಕೆವೈಸಿ ಅಂತ ಒಂದು, ಮತ್ತ ರೈತರ ಗ್ರೂಪ್‌ನ್ಯಾಗ ಎಲ್ಲಾಕ್ಕಿಂತ ಜಾಸ್ತಿ ಓಡಾಡೋದು ಪಿಎಂ ಕಿಸಾನ್ ಹೆಸರಿಂದು. ವರ್ಷಕ್ಕ 6000 ಮೂರು ಕಂತಿನ್ಯಾಗ ಬರೋದು ಎಲ್ಲಾರಿಗೂ ಗೊತ್ತು, "ನಿಮ್ಮ ಕಂತು ನಿಂತೈತಿ, ಈ ಆ್ಯಪ್ ಹಾಕ್ಕೊಂಡು ಕೆವೈಸಿ ಮಾಡ್ರಿ" ಅಂದ್ರ ಯಾರಿಗೆ ಒತ್ತಬೇಕು ಅನ್ಸಂಗಿಲ್ಲ ಹೇಳ್ರಿ. ಹೆಸರು ಏನರ ಇರ್ಲಿ, ನಾ ಮೊದಲು ನೋಡೋದು ಫೈಲ್ ಹೆಸರಿನ ಬಾಲ. ಡಾಟ್ ಎಪಿಕೆ ಅಂತ ಇದ್ರ ಅದು ಕಾರ್ಡೂ ಅಲ್ಲ, ಚಲನ್ನೂ ಅಲ್ಲ, ಅದೊಂದು ಆ್ಯಪ್. ಮದುವಿ ಕಾರ್ಡ್ ಅಂದ್ರ ಫೋಟೋ ಬರ್ತೈತಿ, ಪಿಡಿಎಫ್ ಬರ್ತೈತಿ, ಈಗೀಗ ವಿಡಿಯೋ ಬರ್ತೈತಿ, ಮದುವಿಗೆ ಕರಿಯಾಕ ಆ್ಯಪ್ ಯಾಕ ಬೇಕು? "ಪರಿಚಯದವ್ರ ನಂಬರಿಂದ ಬಂದೈತ್ರಿ" ಅನ್ನೋ ಮಾತು ನಾ ಕಿವಿಗೆ ಹಾಕ್ಕೊಳ್ಳಂಗಿಲ್ಲ, ಯಾಕಂದ್ರ ಒಬ್ಬನ ಫೋನಿನ್ಯಾಗ ಇದು ಹೊಕ್ಕಿತು ಅಂದ್ರ ಅವನ ಹೆಸರಿನ ಮ್ಯಾಲೇ ಅವನ ಬೀಗರಿಗೆ, ಗೆಳ್ಯಾರಿಗೆ, ಊರ ಗ್ರೂಪಿಗೆ ಹೋಗ್ತೈತಿ, ಅವನಿಗೆ ಗೊತ್ತಾ ಇರಂಗಿಲ್ಲ.

ಭಾಳ ಮಂದಿ "ವೈರಸ್ ಬಂತು" ಅಂತಾರ, ಗಾಳಿಯಾಗ ಬಂದಂಗ. ಹಂಗೇನಿಲ್ಲ. ಆ್ಯಂಡ್ರಾಯ್ಡ್‌ನ್ಯಾಗ ಒಂದೊಂದು ಆ್ಯಪ್‌ಗೂ ಬ್ಯಾರೆ ಬ್ಯಾರೆ ಜಾಗಾ, ನಮ್ಮ ಯಾರ್ಡ್‌ನ್ಯಾಗ ಒಬ್ಬೊಬ್ಬ ವರ್ತಕರ ಗೋದಾಮು ಇದ್ದಂಗ, ಒಬ್ಬರ ಗೋದಾಮಿನ ಮಾಲಿಗೆ ಇನ್ನೊಬ್ಬರು ಕೈ ಹಾಕಬೇಕಂದ್ರ ಕೀಲಿ ಬೇಕು. ಆ ಕೀಲಿ ಕೊಡೋರು ನಾವ, ಅಲೌ ಅಲೌ ಅಂತ ಒತ್ತಿ. ಹಿಂಗಾಗಿ ನಾ ಆ್ಯಪ್ ಹೆಸರು ನೋಡಂಗಿಲ್ಲ, ಅದರ ಲೋಗೋ ನೋಡಂಗಿಲ್ಲ, ಅದು ಏನ್ ಕೇಳ್ತೈತಿ ಅಷ್ಟ ನೋಡ್ತೀನಿ.

ಎಸ್ಸೆಮ್ಮೆಸ್ ಕೇಳಿದ್ರ ಅಲ್ಲೇ ನಿಲ್ಲಸ್ರಿ. ಒಟಿಪಿ ಓದ್ತೈತಿ ಅನ್ನೋದು ಎಲ್ಲಾರಿಗೂ ಗೊತ್ತು, ಆದ್ರ ಮೆಸೇಜ್ ಕಳಿಸೋ ಪರ್ಮಿಶನ್ ಓದೋದಕ್ಕಿಂತ ಅಪಾಯ. ಯುಪಿಐ ಹೊಸದಾಗಿ ಶುರು ಮಾಡುವಾಗ ನಮ್ಮ ಸಿಮ್‌ನಿಂದ ತಾನ ಒಂದ್ ಮೆಸೇಜ್ ಹೋಗ್ತೈತಿ ನೋಡೀರೇನು, ಸಿಮ್ ನಮ್ಮ ಕೈಯಾಗ ಐತಿ ಅಂತ ಬ್ಯಾಂಕಿಗೆ ಖಾತ್ರಿ ಆಗೋದೇ ಅದರಿಂದ. ಕಳ್ಳ ಆ್ಯಪ್ ಕೈಯಾಗ ಆ ಪರ್ಮಿಶನ್ ಇದ್ರ ಅದೇ ಮೆಸೇಜ್ ನಮ್ಮ ಸಿಮ್‌ನಿಂದ ಅದು ಕಳಸಬಹುದು, ಆ ಕಡೆ ಯಾವನೋ ತನ್ನ ಫೋನಿನ್ಯಾಗ ನಮ್ಮ ನಂಬರ್ ಎಬ್ಬಿಸಿಕೊಂತಾನ. 2019ರಿಂದ ಪ್ಲೇಸ್ಟೋರ್‌ನ್ಯಾಗ ಎಸ್ಸೆಮ್ಮೆಸ್, ಕಾಲ್ ಲಾಗ್ ಪರ್ಮಿಶನ್ ಬೇಕಾಬಿಟ್ಟಿ ಕೇಳಾಕ ಬಿಡಂಗಿಲ್ಲ, ಮೆಸೇಜ್ ಆ್ಯಪ್, ಡಯಲರ್ ಅಂಥವಕ್ಕ ಅಷ್ಟ. ವಾಟ್ಸಾಪ್‌ನ್ಯಾಗ ನೇರ ಎಪಿಕೆ ಕಳಸೋರಿಗೆ ಆ ತಪಾಸಣಿನ ಇಲ್ಲ ನೋಡ್ರಿ.

ಎರಡನೇದು ಆ್ಯಕ್ಸೆಸಿಬಿಲಿಟಿ. ಕಣ್ಣು ಕಾಣದವ್ರಿಗೆ, ಕೈ ಆಡದವ್ರಿಗೆ ಅನುಕೂಲ ಆಗ್ಲಿ ಅಂತ ಮಾಡಿದ್ದು ಅದು, ಪರದೆ ಮ್ಯಾಲಿನದು ಓದ್ತೈತಿ, ನಮ್ಮ ಪರವಾಗಿ ಬಟನ್ ಒತ್ತತೈತಿ. ಕಳ್ಳರಿಗೆ ಇನ್ನೇನ್ ಬೇಕು. ಇದನ್ನ ಕೊಟ್ರ ಉಳಿದ ಪರ್ಮಿಶನ್ ಅದು ತಾನ ಒತ್ತಿ ತಗೊಂತೈತಿ. ನೋಟಿಫಿಕೇಶನ್ ಆ್ಯಕ್ಸೆಸ್, ಬ್ಯಾರೆ ಆ್ಯಪ್ ಮ್ಯಾಲೆ ಕಾಣಸೋದು, ಡಿವೈಸ್ ಅಡ್ಮಿನ್ (ಫೋನಿನ ಕಾರಭಾರಿ ಅಧಿಕಾರ, ಅದಿದ್ರ ಆ್ಯಪ್ ಸಲೀಸಾಗಿ ತಗಿಯಾಕ ಬರಂಗಿಲ್ಲ), ಇವೂ ಅದೇ ಸಾಲಿನವು.

ಕಳೆದ ಸೀಜನ್‌ನ್ಯಾಗಿನ ಒಂದ್ ಸಂಗತಿ ಹೇಳ್ತೀನಿ. ಬಳ್ಳಾರಿ ಕಡೆಯಿಂದ ಮಾಲು ತಂದಿದ್ದ ಒಬ್ಬ ಕಾಕಾ, ಮಾಲು ಟೆಂಡರ್ ಆಗಿತ್ತು, ಪಟ್ಟಿ ಆಗಿತ್ತು, ರೊಕ್ಕ ಹಾಕಬೇಕು ಅನ್ನೋದ್ರಾಗ "ಫೋನ್ ಭಾಳ ಕಾಯಾಕತ್ತೈತಿ, ಬ್ಯಾಂಕಿನ ಮೆಸೇಜೂ ಬರವಲ್ಲವು" ಅಂದ್ರು. ಮೆಸೇಜ್ ಬರವಲ್ಲವು ಅಂದ ಕೂಡ್ಲೆ ನನ್ನ ಎದಿ ಧಸಕ್ ಅಂತು. "ಕಾಕಾರ, ಏನರ ಹೊಸಾ ಆ್ಯಪ್ ಹಾಕೀರೇನು?" "ಇಲ್ಲಪಾ, ಆ ಕಿಸಾನ್‌ದು ಅಷ್ಟ, ನಮ್ಮ ಅಳಿಯಾನ ಕಳಿಸಿದ್ದ."

ಮೊದಲು ಏರೋಪ್ಲೇನ್ ಮೋಡ್, ವೈಫೈ ಬಂದ್, ಸಿಮ್ ಹೊರಗ ತಗದೆ. ಆಮ್ಯಾಲೆ ನನ್ನ ಫೋನಿಂದ ಅವರ ಕಡೆನ ಮಾತಾಡಿಸಿ ಬ್ಯಾಂಕಿನವರಿಗೆ ಅಕೌಂಟಿಂದ ರೊಕ್ಕ ಹೋಗದಂಗ ತಡೀರಿ ಅಂತ ಹೇಳಿಸಿದ್ವಿ, ಅವಾಗ ಗೊತ್ತಾತು ಆಗಲೇ ಎರಡು ಸಲ ರೊಕ್ಕ ಹೋಗಿತ್ತು ಅಂತ. ತಡಾ ಮಾಡದ ಸೈಬರ್ ವಂಚನಿ ಹೆಲ್ಪ್‌ಲೈನ್ 1930ಕ್ಕ ಹಚ್ಚಿದ್ವಿ. ಈ ನಂಬರಿಗೆ ಎಷ್ಟು ಲಗೂ ಹಚ್ಚತೀರಿ ಅಷ್ಟು ಛಲೋ, ರೊಕ್ಕ ಯಾವ ಅಕೌಂಟಿಗೆ ಹೋಗೈತಿ ಅಲ್ಲೇ ಅದನ್ನ ತಡದು ನಿಲ್ಲಸಾಕ ಬರ್ತೈತಿ, ಆ ಅಕೌಂಟಿಂದ ಮತ್ತೊಂದಕ್ಕ, ಮತ್ತೊಂದರಿಂದ ಎಟಿಎಂಗೆ ಹೋತು ಅಂದ್ರ ಮುಗೀತು. ಕಾಕಾರದು ಎರಡನೇ ಸಲದ್ದು ತಡದು ನಿಂತಿತು, ಮೊದಲಿಂದು ಹೋತು. ನಮ್ಮ ಅಂಗಡಿ ರೊಕ್ಕ ನಾ ಆರ್‌ಟಿಜಿಎಸ್ ಮಾಡ್ಲಿಲ್ಲ, ಸಾವ್ಕಾರ್ರನ್ನ ಕೇಳಿ ಚೆಕ್ ಬರಸಿಕೊಟ್ಟೆ. ವರ್ಷದ ಬೆಳಿ ರೊಕ್ಕ ಅದು, ಫೋನ್ ಸ್ವಚ್ಛ ಆಗೋ ಮೊದಲು ಆ ಅಕೌಂಟಿಗೆ ಹಾಕಾಕ ನನಗ ಧೈರ್ಯ ಆಗ್ಲಿಲ್ಲ.

ಇನ್ನ ಆ್ಯಪ್ ತಗಿಯೋದು. ಸೆಟ್ಟಿಂಗ್ಸ್‌ನ್ಯಾಗ ಹೋಗಿ ಆ ಆ್ಯಪ್ ಮ್ಯಾಲೆ ಒತ್ತಿದ್ರ ತಾನ ಹೋಮ್ ಸ್ಕ್ರೀನಿಗೆ ಹಾರ್ತಿತ್ತು, ಮತ್ತ ಹೋದ್ರ ಮತ್ತ ಹಾರ್ತಿತ್ತು. ಫೋನ್ ಕೆಟ್ಟೈತಿ ಅಂದ್ಕೋಬ್ಯಾಡ್ರಿ, ಆ್ಯಕ್ಸೆಸಿಬಿಲಿಟಿ ಕೈಯಾಗಿದ್ದ ಆ್ಯಪ್ ನಾವು ತಗಿಯಾಕ ಬಂದಿದ್ದು ನೋಡಿ ತಾನ ಬ್ಯಾಕ್ ಒತ್ತಿರ್ತೈತಿ. ಅದಕ್ಕ ಸೇಫ್ ಮೋಡ್. ಪವರ್ ಬಟನ್ ಹಿಡಿದಾಗ ಪವರ್ ಆಫ್ ಅಂತ ಬರ್ತೈತಲ್ಲ, ಅದನ್ನ ಒತ್ತಿ ಹಿಡಕೊಂಡ್ರ ಭಾಳಷ್ಟು ಫೋನಿನ್ಯಾಗ ಸೇಫ್ ಮೋಡ್ ಕೇಳ್ತೈತಿ (ಕೆಲವು ಕಂಪನಿ ಫೋನಿನ್ಯಾಗ ದಾರಿ ಬ್ಯಾರೆ). ಸೇಫ್ ಮೋಡ್‌ನ್ಯಾಗ ಫೋನ್ ಜೊತಿ ಬಂದ ಆ್ಯಪ್ ಅಷ್ಟ ಓಡ್ತಾವ, ನಾವು ಹಾಕಿದ್ದೆಲ್ಲಾ ಸುಮ್ನ ಕುಂತಿರ್ತಾವ. ಅಲ್ಲಿ ನೋಡಿದ್ರ ಅನ್‌ಇನ್‌ಸ್ಟಾಲ್ ಬಟನ್ ಇನ್ನೂ ಮಾಸಿದಂಗ ಇತ್ತು, ಒತ್ತಿದ್ರ ಒತ್ತಂಗಿಲ್ಲ, ಅಂದ್ರ ಡಿವೈಸ್ ಅಡ್ಮಿನ್ ಆಗಿ ಕುಂತಿತ್ತು. ಡಿವೈಸ್ ಅಡ್ಮಿನ್ ಪಟ್ಟಿಯೊಳಗಿಂದ ಅದರ ಟಿಕ್ ತಗದೆ, ಅಷ್ಟಾದ ಮ್ಯಾಲೆ ಹೋತು. ಬ್ಯಾಂಕ್ ಮೆಸೇಜ್ ಯಾಕ ಕಾಣ್ತಿರಲಿಲ್ಲ ಅಂದ್ರ ಡಿಫಾಲ್ಟ್ ಎಸ್ಸೆಮ್ಮೆಸ್ ಆ್ಯಪ್ ಜಾಗದಾಗ ಅದ ಕುಂತಿತ್ತು, ಬಂದ ಮೆಸೇಜ್ ಓದಿ ಅಳಿಸಿಬಿಡ್ತಿತ್ತು.

ತಗದ್ರ ಮುಗೀಲಿಲ್ಲ. ವಾಟ್ಸಾಪ್‌ನ್ಯಾಗ ಲಿಂಕ್ಡ್ ಡಿವೈಸಸ್ ನೋಡಿ ಗೊತ್ತಿಲ್ಲದ್ದು ಇದ್ರ ಲಾಗೌಟ್, ಡೌನ್‌ಲೋಡ್ಸ್ ಫೋಲ್ಡರಿಂದ ಆ ಎಪಿಕೆ ಅಳಸೋದು, ಸಿಮ್ ವಾಪಸ್ ಹಾಕಿದ ಮ್ಯಾಲೆ *#21# ಒತ್ತಿ ಕಾಲ್ ಫಾರ್ವರ್ಡ್ ಆಗೈತೇನು ನೋಡೋದು, ಆಗಿದ್ರ ##002# ಒತ್ತಿ ಬಂದ್ ಮಾಡೋದು. ಜಿಮೇಲ್ ಪಾಸ್‌ವರ್ಡ್, ಯುಪಿಐ ಪಿನ್ ಎಲ್ಲಾ ಬದಲಿ, ಅದೂ ಬ್ಯಾರೆ ಸ್ವಚ್ಛ ಫೋನಿನ್ಯಾಗ. ಆ್ಯಕ್ಸೆಸಿಬಿಲಿಟಿ ಕೊಟ್ಟಿದ್ದ ಫೋನ್ ಆದ್ರ ಇಷ್ಟೆಲ್ಲಾ ಮಾಡಿದ ಮ್ಯಾಲೂ ನಾ ಫೋಟೋ, ನಂಬರ್ ತಗದಿಟ್ಟು ಫ್ಯಾಕ್ಟರಿ ರಿಸೆಟ್ ಮಾಡೇ ಬಿಡ್ತೀನಿ. ಕಾಕಾ "ಮೊಮ್ಮಗನ ವಿಡಿಯೋ ಹೋಗ್ತಾವೇನು" ಅಂತ ಕೇಳಿದ್ದು ಅದೊಂದ, ರೊಕ್ಕದ ಮಾತು ಎತ್ತಲೇ ಇಲ್ಲ. ವಿಡಿಯೋ ಪೆನ್‌ಡ್ರೈವಿಗೆ ಹಾಕಿಕೊಟ್ಟೆ.

ಇದಾದ ಮ್ಯಾಲೆ ಅಂಗಡಿ ಫೋನ್‌ಗಳಿಗೆ ನಾ ಮಾಡಿದ್ದು ಹೇಳ್ತೀನಿ. ಸೆಟ್ಟಿಂಗ್ಸ್‌ನ್ಯಾಗ ಸ್ಪೆಷಲ್ ಆ್ಯಕ್ಸೆಸ್ ಅಂತ ಇರ್ತೈತಿ, ಅದರಾಗ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್. ಆ್ಯಂಡ್ರಾಯ್ಡ್ 8ರಿಂದ ಈಚೆಗೆ ಇದು ಒಂದೊಂದು ಆ್ಯಪ್‌ಗೂ ಬ್ಯಾರೆ ಬ್ಯಾರೆ ಇರ್ತೈತಿ, ಅಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್, ಟೆಲಿಗ್ರಾಂ ಎಲ್ಲಾಕ್ಕೂ ನಾಟ್ ಅಲೌಡ್ ಅಂತ ಇರಬೇಕು. ಒಂದಕ್ಕ ಅಲೌ ಇತ್ತಂದ್ರ ಯಾವಾಗೋ ಯಾರೋ ಒತ್ತ್ಯಾರ ಅಂತಾನ ಅರ್ಥ. ಸ್ಯಾಮ್‌ಸಂಗ್ ಹೊಸಾ ಫೋನಿನ್ಯಾಗ ಆಟೋ ಬ್ಲಾಕರ್ ಅಂತ ಐತಿ, ಅದನ್ನ ಆನ್ ಇಟ್ರ ಹೊರಗಿನ ಎಪಿಕೆ ಹಾಕಾಕ ಬರಂಗೇ ಇಲ್ಲ, ನನಗ ಇದು ಭಾಳ ಸೇರ್ತು. ಪ್ಲೇ ಪ್ರೊಟೆಕ್ಟ್ (ಕಳ್ಳ ಆ್ಯಪ್ ಹುಡುಕೋ ಗೂಗಲ್ ತಪಾಸಣಿ) ಬಂದ್ ಆಗಿಲ್ಲ ಅನ್ನೋದನ್ನ ಪ್ಲೇಸ್ಟೋರ್‌ನ್ಯಾಗ ನಮ್ಮ ಫೋಟೋ ಒತ್ತಿ ನೋಡ್ತೀನಿ, ಕಳ್ಳರು ಫೋನ್ ಹಚ್ಚಿ ಮೊದಲು ಬಂದ್ ಮಾಡಸೋದು ಅದನ್ನ. ಇನ್ನೊಂದು, ಆ್ಯಂಡ್ರಾಯ್ಡ್ 13ರಿಂದ ಹೊರಗಿಂದ ಹಾಕಿದ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ ಸಲೀಸಾಗಿ ಕೊಡಾಕ ಬರಂಗಿಲ್ಲ, ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ ಅಂತ ತಡೀತೈತಿ. ಅಲ್ಲಿ ಮ್ಯಾಲಿನ ಮೂರು ಚುಕ್ಕಿ ಒತ್ತಿ ಅಲೌ ಮಾಡ್ರಿ ಅಂತ ಫೋನಿನ್ಯಾಗ ಯಾರರ ಹೇಳಿಕೊಡಾಕತ್ರ ಅವನು ಬ್ಯಾಂಕಿನವನಲ್ಲ ಅಂತ ಕಣ್ಣು ಮುಚ್ಚಿ ಹೇಳ್ತೀನಿ.

ಪ್ಲೇಸ್ಟೋರ್‌ನ್ಯಾಗಿಂದು ಎಲ್ಲಾ ಚೊಕ್ಕ ಅಂತಲ್ಲ. ಟಾರ್ಚ್, ಕ್ಲೀನರ್, ಬ್ಯಾಟರಿ ಸೇವರ್ ಇವನ್ನ ನಾ ಕಂಡಲ್ಲೇ ತಗೀತೀನಿ, ಟಾರ್ಚ್ ಫೋನಿನ್ಯಾಗ ಮೊದಲೇ ಇರ್ತೈತಿ. ಹಮಾಲರ ಫೋನಿನ್ಯಾಗ ಇರೋದು ಸಾಲದ ಆ್ಯಪ್. 2022ರ ಸೆಪ್ಟೆಂಬರ್‌ನ್ಯಾಗ ಆರ್‌ಬಿಐ ನಿಯಮ ಮಾಡೈತಿ, ಸಾಲದ ಆ್ಯಪ್ ಫೋನಿನ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೋಕ್ಕ ಕೈ ಹಾಕಂಗಿಲ್ಲ ಅಂತ. ಅದಕ್ಕ ಕಾಂಟ್ಯಾಕ್ಟ್ಸ್ ಕೇಳೋ ಸಾಲದ ಆ್ಯಪ್ ಕಂಡ್ರ ಅದು ನಿಯಮ ಮುರಿಯೋದ ಅಂತ ತಿಳ್ಕೊಂಡು ತಗಿರಿ ಅಂತೀನಿ. ಆದ್ರ ತಗದ್ರೂ ಆಗಲೇ ಎಳಕೊಂಡ ನಂಬರ್ ಅವರ ಹತ್ರ ಉಳೀತಾವ, ಅದಕ್ಕೇನ್ ಮಾಡಾಕ ಬರಂಗಿಲ್ಲ, ಬೈಗಳ ಫೋನ್ ಬಂದ್ರ ರೆಕಾರ್ಡ್ ಮಾಡಿ ಕಂಪ್ಲೇಂಟ್ ಕೊಡ್ರಿ ಅಂತೀನಿ.

ರೊಕ್ಕ ಕಟ್ಟಿ ಆ್ಯಂಟಿವೈರಸ್ ತಗೋಬೇಕೇನ್ರಿ ಅಂತ ಸಾವ್ಕಾರ್ರು ಕೇಳಿದ್ರು. ಬ್ಯಾಡ ಅಂದೆ. ಬೇಕಂದ್ರ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನವ್ರು ಮಾಡಿದ ಎಂ-ಕವಚ 2 ಅನ್ನೋ ಸೆಕ್ಯೂರಿಟಿ ಆ್ಯಪ್ ಪುಕ್ಕಟೆ ಐತಿ. ಆ ರೊಕ್ಕದಾಗ ಒಂದ್ ಸಾದಾ ಆ್ಯಂಡ್ರಾಯ್ಡ್ ಫೋನ್ ತಗೊಂಡ್ವಿ, ಬ್ಯಾಂಕಿನ ಸಿಮ್ ಅದರಾಗ, ವಾಟ್ಸಾಪ್ ಇಲ್ಲ, ಗ್ರೂಪ್ ಇಲ್ಲ, ಸೆಕ್ಯೂರಿಟಿ ಅಪ್‌ಡೇಟ್ ಇನ್ನೂ ಬರ್ತಿರೋ ಮಾಡೆಲ್ ನೋಡಿ ತಗೊಂಡಿದ್ದು, ಗಲ್ಲೆದಾಗ ಕೀಲಿ ಹಾಕಿ ಇರ್ತೈತಿ. ರೇಟು, ಲಾಟು, ರೈತರ ಗ್ರೂಪ್ ಎಲ್ಲಾ ಬ್ಯಾರೆ ಫೋನಿನ್ಯಾಗ, ಅದರಾಗ ಏನ್ ಹೊಕ್ಕರೂ ರೊಕ್ಕಕ್ಕ ಮುಟ್ಟಂಗಿಲ್ಲ.

ಹಮಾಲರ ಜೊತಿ ಮಾತ್ರ ಜಗಳಾ ಮುಗಿದಿಲ್ಲ. ಐಪಿಎಲ್ ಶುರು ಆತಂದ್ರ ಪುಕ್ಕಟೆ ಮ್ಯಾಚ್ ನೋಡೋ ಎಪಿಕೆ ಎಲ್ಲೆಲ್ಲಿಂದೋ ಬರ್ತಾವ, "ಅಣ್ಣಾ ಇದು ಬರೇ ಮ್ಯಾಚಿಂದು, ಏನೂ ಆಗಂಗಿಲ್ಲ ಬಿಡು" ಅಂತಾರ. ಬ್ಯಾಡ ಅಂದ್ರ ಕೇಳಂಗಿಲ್ಲ ಅಂತ ಗೊತ್ತಾಗಿ ಒಂದ್ ತೋಡ್ ಮಾಡ್ಕೊಂಡೇವಿ, ಒಡದ ಪರದೆದ್ದೊಂದು ಹಳೇ ಫೋನ್, ಸಿಮ್ ಇಲ್ಲ, ಜಿಮೇಲ್ ಇಲ್ಲ, ಅಂಗಡಿ ವೈಫೈನ್ಯಾಗಿನ ಗೆಸ್ಟ್ ಕನೆಕ್ಷನ್ ಹಚ್ಚಿ ಕೊಟ್ಟೇನಿ, ಏನ್ ಬೇಕಾದ್ದು ಹಾಕ್ಕೊಳ್ರಿ ಅಂತ. ಸಂಜಿಮುಂದ ಚೀಲದ ಮ್ಯಾಲೆ ಆನಿಸಿ ಅದರಾಗ ಎಲ್ಲಾರೂ ಮ್ಯಾಚ್ ನೋಡ್ತಾರ, ಸೀಜನ್ ಮುಗಿದ ಮ್ಯಾಲೆ ನಾ ರಿಸೆಟ್ ಹೊಡೀತೀನಿ.